ಕೆಮ್ಮಿನ ಕಾಲಂ

ಆ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಒಂದು ಕೋಣೆ ಇತ್ತು. ಅದಕ್ಕೊಂದು ಕಿಟಕಿಯೂ ಇತ್ತು, ಆದರೆ ರಸ್ತೆಯ ಮಟ್ಟಕ್ಕಿದ್ದುದರಿಂದ ಹೋಗಿಬರುವವರ ಮೊಣಕಾಲಿನ ಕೆಳಗಿನ ಭಾಗವಷ್ಟೇ ಅದರಲ್ಲಿ ಕಾಣುತ್ತಿತ್ತು. ಇಪ್ಪತ್ತೆರಡು ವರ್ಷ ಅಲ್ಲಿ ಕುಳಿತ ಹೆಂಗಸಿನ ಕಣ್ಣು ಹೇಗೆ ಪಳಗಿತ್ತೆಂದರೆ, ಚಪ್ಪಲಿ ನೋಡಿಯೇ ಬಂದವರು ಯಾರು, ಹೊತ್ತು ತಂದ ಕಷ್ಟ ಎಂಥದ್ದು ಎಂದು ಹೇಳಿಬಿಡುತ್ತಿದ್ದಳು. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಎಲ್ಲರ ಬಾಯಲ್ಲೂ ಅವಳು ಸೊನ್ನೆಯಕ್ಕ.

ಆ ಹೆಸರು ಅಂಟಿಕೊಂಡ ಬಗೆ ಹೇಳಬೇಕಾದರೆ ಮೊದಲು ಅವಳ ಕೆಲಸ ಹೇಳಬೇಕು. ಹೊರಗಿನಿಂದ ನೋಡಿದರೆ ಕಬ್ಬಿಣದ ಕಡಲೆ. ಒಳಹೊಕ್ಕರೆ ತರಕಾರಿ ಅಂಗಡಿಯ ತಕ್ಕಡಿ, ಅಷ್ಟೇ.

ಮೇಲಿನ ಮಹಡಿಯಲ್ಲಿ ಮಿದುಳಿನ ಚಿತ್ರ ತೆಗೆಯುವ ಸ್ಕ್ಯಾನರ್ ಇತ್ತು. ಪೆಟ್ಟು ತಿಂದು, ಕಣ್ಣು ಬಿಟ್ಟರೂ ಯಾರ ಮಾತಿಗೂ ಅಲ್ಲಾಡದೆ ಮಲಗಿದವರನ್ನು ಅದರ ಕೊಳವೆಯೊಳಗೆ ತಳ್ಳಿ, ಕಿವಿಗೆ ಧ್ವನಿ ಕೊಡುತ್ತಿದ್ದರು. "ಕೈ ಮುಷ್ಟಿ ಹಿಡಿದ ಹಾಗೆ ಮನಸ್ಸಿನಲ್ಲೇ ಅಂದುಕೊಳ್ಳಿ." ಅರ್ಧ ನಿಮಿಷ ಬಿಟ್ಟು, "ಈಗ ಸುಮ್ಮನಿರಿ." ಆಮೇಲೆ, "ನಿಮ್ಮ ಮನೆಯ ಕೋಣೆಗಳಲ್ಲಿ ಓಡಾಡಿದ ಹಾಗೆ ಅಂದುಕೊಳ್ಳಿ." ಮತ್ತೆ, "ಸುಮ್ಮನಿರಿ." ಹೀಗೆ ಆರು ಸುತ್ತು. ಅಷ್ಟು ಹೊತ್ತೂ ಯಂತ್ರ ಎರಡೆರಡು ಸೆಕೆಂಡಿಗೆ ಒಂದು ಚಿತ್ರ ತೆಗೆಯುತ್ತಿತ್ತು. ಮಿದುಳಿನ ಯಾವ ಮೂಲೆಗೆ ಯಾವಾಗ ರಕ್ತ ಹೆಚ್ಚು ಹರಿಯಿತು ಎನ್ನುವುದು ಅಂಕಿಗಳಾಗಿ ನೆಲಮಾಳಿಗೆಗೆ ಇಳಿಯುತ್ತಿತ್ತು. ಮೈ ಅಲ್ಲಾಡದಿದ್ದರೂ ಒಳಗೆ ಯಾರಾದರೂ ಕೇಳಿಸಿಕೊಂಡು ಉತ್ತರ ಕೊಡುತ್ತಿದ್ದಾರೆಯೇ ಎಂದು ಆ ಅಂಕಿಗಳಲ್ಲಿ ಹುಡುಕುವುದು ಸೊನ್ನೆಯಕ್ಕನ ಕೆಲಸ.

ಅವಳು ಮಾಡುತ್ತಿದ್ದದ್ದು ಇಷ್ಟು. ಕೈ ಎಂದು ಹೇಳಿದ ಹೊತ್ತಿಗೆಲ್ಲ ಪಟ್ಟಿಯಲ್ಲಿ ಒಂದು ಕಾಲಂ, ಸುಮ್ಮನಿರಿ ಎಂದದ್ದಕ್ಕೆ ಎರಡನೆಯದು, ಮನೆ ಎಂದದ್ದಕ್ಕೆ ಮೂರನೆಯದು. ಆಮೇಲೆ ಅವುಗಳ ಕೆಳಗೆ ಮೂರು ಅಂಕಿ. ಕೈಗೆ ಒಂದು, ಸುಮ್ಮನೆಗೆ ಮೈನಸ್ ಒಂದು, ಮನೆಗೆ ಸೊನ್ನೆ. ಕೈ ಎಂದಾಗ ಆದದ್ದರಿಂದ ಸುಮ್ಮನಿದ್ದಾಗ ಆದದ್ದನ್ನು ಕಳೆ, ಮನೆಯ ಗೊಡವೆ ಸದ್ಯಕ್ಕೆ ಬೇಡ ಎಂದು ಅದರ ಅರ್ಥ. ಕಳೆದ ಮೇಲೆ ಏನು ಉಳಿಯಿತೋ ಅದೇ ರೋಗಿಯ ಉತ್ತರ. ಈ ಅಂಕಿಗಳ ಸಾಲಿಗೆ ಮೇಲಿನವರು ಕಾಂಟ್ರಾಸ್ಟ್ ಎನ್ನುತ್ತಿದ್ದರು. ಅವಳು ತಕ್ಕಡಿ ಸಾಲು ಎನ್ನುತ್ತಿದ್ದಳು.

ಪಟ್ಟಿಯಲ್ಲಿ ಕಾಲಂ ನಾಲ್ಕಿದ್ದು ತಕ್ಕಡಿ ಸಾಲಿನಲ್ಲಿ ಅಂಕಿ ಮೂರೇ ಇದ್ದರೆ ಪ್ರೋಗ್ರಾಂ ಮುಂದೆ ಹೋಗುವುದಿಲ್ಲ, ಕೆಂಪಕ್ಷರದ ಒಂದು ಸಾಲು ಕಾರಿಕೊಂಡು ನಿಂತುಬಿಡುತ್ತದೆ. ಆಗ ಮೇಲಿನ ಮಹಡಿಯ ಓದಿದವರೆಲ್ಲ ಮಾಡುತ್ತಿದ್ದದ್ದು ಒಂದೇ. ಸಾಲಿನ ಕೊನೆಗೆ ಒಂದು ಸೊನ್ನೆ ತಗುಲಿಸುವುದು. ಅಂಕಿಯೂ ನಾಲ್ಕಾಯಿತು, ಕಾಲಂ ಕೂಡ ನಾಲ್ಕು. ಅಳುವ ಕೂಸಿನ ಬಾಯಿಗೆ ಬೆರಳಿಟ್ಟ ಹಾಗೆ ಪ್ರೋಗ್ರಾಂ ತೆಪ್ಪಗಾಗುತ್ತಿತ್ತು. ಸೊನ್ನೆಯಕ್ಕ ಅಂಥವರ ಕುರ್ಚಿಯ ಹಿಂದೆ ಹೋಗಿ ನಿಲ್ಲುತ್ತಿದ್ದಳು.

"ಈ ಸೊನ್ನೆ ಯಾರ ತಲೆ ಮೇಲೆ ಕೂತಿದೆ, ಹೇಳು ನೋಡೋಣ."

"ಕೊನೇ ಕಾಲಂ ಮೇಲೆ ಅಕ್ಕಾ."

"ಕೊನೇದು ಯಾವ್ದು?"

"ಅದು... ನೋಡಿ ಹೇಳ್ತೀನಿ."

"ಮದುವೆ ಊಟ ಉಂಡು ಕೈ ತೊಳ್ಕೊಂಡ ಮೇಲೆ ಗಂಡು ಯಾರು ಅಂತ ಕೇಳಿದ ಹಾಗಾಯ್ತು. ಹೆಸರು ಓದು. ಬೆರಳಿಟ್ಟು ಓದು."

ಹೀಗೆ ಎಲ್ಲರ ಸೊನ್ನೆ ಹಿಡಿದು ಕೇಳಿ ಕೇಳಿಯೇ ಅವಳು ಸೊನ್ನೆಯಕ್ಕ ಆದಳು. ಇನ್ನೊಂದು ಮಾತನ್ನೂ ಅವಳು ಹೊಸಬರಿಗೆಲ್ಲ ತಪ್ಪದೆ ಹೇಳುತ್ತಿದ್ದಳು. "ಕೆಂಪು ಸಾಲಿಗೆ ಹೆದರ್ಬೇಡಿ, ಅದು ಬೊಗಳೋ ನಾಯಿ. ಬೊಗಳದೆ ಬಾಲ ಅಲ್ಲಾಡಿಸ್ಕೊಂಡು ಬರುತ್ತಲ್ಲ, ಅದಕ್ಕೆ ಹೆದರಿ."

ಊರಿಗೆಲ್ಲ ಸೊನ್ನೆ ಹಾಕಬೇಡಿ ಎಂದವಳು ತಾನೇ ಒಂದು ಸೊನ್ನೆ ಹಾಕಿದಳು. ಆ ಸೊನ್ನೆಯ ಕೆಳಗೆ ಒಬ್ಬ ಮನುಷ್ಯ ಸಿಕ್ಕಿಬಿದ್ದ.

ಅವನು ಬೀಗ ರಿಪೇರಿಯವನು. ಬೀದಿಯವರಿಗೆ ಬೀಗದಣ್ಣ. ಎರಡು ಕಟ್ಟಡಗಳ ನಡುವಿನ ಸಂದಿಗೆ ತಗಡು ಹೊದಿಸಿ ಮಾಡಿಕೊಂಡ ಅಂಗಡಿ, ಒಂದು ಕೀ ಕೊರೆಯುವ ಯಂತ್ರ, ಗೋಡೆ ತುಂಬ ಮೊಳೆಗೆ ತೂಗುಹಾಕಿದ ಕೊರೆಯದ ಕೀಗಳು. ಅವನದೊಂದು ಹಟ ಇತ್ತು. ಮಾಡಿದ ಕೀಯನ್ನು ಬೀಗಕ್ಕೆ ಹಾಕಿ ತಿರುಗಿಸಿ ನೋಡದೆ ಕೊಡುತ್ತಿರಲಿಲ್ಲ. "ಮನೆಗೆ ಹೋಗಿ ನಾನೇ ನೋಡ್ಕೊಳ್ತೀನಪ್ಪ, ಕೊಡು" ಎಂದರೆ, "ನೀವು ನೋಡ್ಕೊಳ್ಳೋ ಹೊತ್ತಿಗೆ ಬಾಗಿಲ ಹೊರಗೆ ಇರ್ತೀರಿ" ಎನ್ನುತ್ತಿದ್ದ. ಅಂಗಡಿ ಮುಚ್ಚಿ ಜೊತೆಗೆ ನಡೆದು ಹೋಗಿ, ಬಾಗಿಲು ತೆರೆದು, ಬಂದು ಪುಸ್ತಕದಲ್ಲಿ ಆ ಮನೆಯ ಗುರುತಿನ ಮುಂದೆ ಒಂದು ಗೆರೆ ಎಳೆಯುತ್ತಿದ್ದ. ಗೆರೆ ಎಂದರೆ ಹಾಕಿ ನೋಡಿದೆ ಎಂದು.

ಒಂದು ದಿನ ಯಾರೋ ಒಲೆ ಹಚ್ಚಿಟ್ಟು ಬಾಗಿಲು ಎಳೆದುಕೊಂಡು ಹೊರಗುಳಿದರು. ಬೀಗ ಬಗ್ಗಲಿಲ್ಲ. ಏಣಿ ಹಾಕಿ ಕಿಟಕಿಗೆ ಹತ್ತಿದ ಬೀಗದಣ್ಣ ಎರಡನೇ ಮಹಡಿಯಿಂದ ಬಿದ್ದ. ಮುರಿದ ಎಲುಬೆಲ್ಲ ಕೂಡಿಕೊಂಡಿತು, ತಲೆಗಾದ ಪೆಟ್ಟು ಮಾಯಲಿಲ್ಲ. ಕಣ್ಣು ಬಿಟ್ಟ, ಮುಚ್ಚಿದ. ಅದಕ್ಕಿಂತ ಹೆಚ್ಚು ಏನನ್ನೂ ಮಾಡಲಿಲ್ಲ.

ಅವನ ಹೆಂಡತಿ ಹಗಲು ಅಂಗಡಿಯಲ್ಲಿ ಕುಳಿತು, ಸಂಜೆ ನಾಲ್ಕಕ್ಕೆ ವಾರ್ಡಿಗೆ ಬರುತ್ತಿದ್ದಳು. ಕೀ ಕೊರೆಯುವುದನ್ನು ಗಂಡನನ್ನು ನೋಡಿ ನೋಡಿ ಕಲಿತಿದ್ದಳು. ಬಂದವಳೇ ಪುಸ್ತಕ ಬಿಚ್ಚಿ ಅವನ ಕಿವಿಯ ಹತ್ತಿರ ಓದುತ್ತಿದ್ದಳು. ಇವತ್ತು ನೀಲಿ ಗೇಟಿನ ಮನೆಗೆ ಎರಡು ಕೀ. ಔಷಧದ ಅಂಗಡಿಯವನ ಷಟರ್ ಬೀಗ ತುಕ್ಕು ಹಿಡಿದಿತ್ತು, ಎಣ್ಣೆ ಬಿಟ್ಟೆ. ಮೂರನೇ ಸಂದಿಯ ಮೇಷ್ಟ್ರು ಮತ್ತೆ ಕೀ ಕಳ್ಕೊಂಡ್ರು, ಇದು ಈ ವರ್ಷ ಐದನೇ ಸಲ, ಹೆಂಡ್ತಿ ಬೇಕಂತಲೇ ಬಚ್ಚಿಡ್ತಾರೋ ಏನೋ. ನಡುವೆ ತಾನೇ ನಗುತ್ತಿದ್ದಳು. ಅವಳು ಬಾಗಿಲಲ್ಲಿ ಕಂಡರೆ ನರ್ಸುಗಳು "ರೇಡಿಯೋ ಬಂತು" ಎನ್ನುತ್ತಿದ್ದರು. ಆಮೇಲೆ ಅವರೂ ಒಂದು ಕಿವಿ ಅಲ್ಲೇ ಬಿಟ್ಟು ಕೆಲಸ ಮಾಡುತ್ತಿದ್ದರು.

ಸ್ಕ್ಯಾನಿನ ವರದಿ ಬಂತು. ಹೇಳಿದ ಮಾತಿಗೆ ಮಿದುಳಿನಿಂದ ಉತ್ತರ ಕಂಡುಬಂದಿಲ್ಲ ಎಂದಿತ್ತು. ಹತ್ತು ದಿನದಲ್ಲಿ ಬೀಗದಣ್ಣನನ್ನು ಊರಾಚೆಯ ಆರೈಕೆ ಮನೆಗೆ ಸಾಗಿಸಿದರು. ರೇಡಿಯೋ ನಿಂತುಹೋಯಿತು.

ಸೊನ್ನೆಯಕ್ಕ ಅವನನ್ನು ನೋಡಿಯೇ ಇರಲಿಲ್ಲ. ಅವಳಿಗೆ ಅವನು ಹತ್ತೊಂಬತ್ತನೇ ನಂಬರು.

ಎಂಟು ತಿಂಗಳು ಕಳೆಯಿತು. ಒಂದು ಬೆಳಗ್ಗೆ ಹೊಸ ರೋಗಿಯೊಬ್ಬಳ ಅಂಕಿಗಳನ್ನು ಹಾಕಿದಾಗ ಕೆಂಪು ಸಾಲು ಬಂತು. ಕಾರಣ ಅವಳಿಗೆ ಗೊತ್ತಿದ್ದದ್ದೇ. ಕೊಳವೆಯೊಳಗೆ ರೋಗಿ ಕೆಮ್ಮಿದರೆ ತಲೆ ಅಲ್ಲಾಡಿ ಚಿತ್ರ ಕೆಡುತ್ತದೆ. ಹಾಗಾಗಿ ಕೆಮ್ಮಿದಾಗಲೆಲ್ಲ ಸ್ಕ್ಯಾನರ್ ನಡೆಸುವವನು ಒಂದು ಗುಂಡಿ ಒತ್ತುತ್ತಾನೆ. ಆ ಹೊತ್ತುಗಳೆಲ್ಲ ಸೇರಿ ಪಟ್ಟಿಯಲ್ಲಿ ಕೆಮ್ಮಿಗೇ ಒಂದು ಕಾಲಂ ಏಳುತ್ತದೆ. ಮೂರಿದ್ದದ್ದು ನಾಲ್ಕಾಗುತ್ತದೆ. ಇಂಥ ಕೆಮ್ಮುವವರು ಹಿಂದೆಯೂ ಹನ್ನೆರಡು ಮಂದಿ ಬಂದಿದ್ದರು. ಮೊದಲ ಮೂವರಿಗೆ ಅವಳು ಬೆರಳಿಟ್ಟು ಹೆಸರು ಓದಿದ್ದಳು. ಕೈ, ಸುಮ್ಮನೆ, ಮನೆ, ಕೆಮ್ಮು. ಕೆಮ್ಮು ಕೊನೆಗೆ. ಅದರ ಮೇಲೊಂದು ಸೊನ್ನೆ ಇಟ್ಟರೆ ತೂಕ ಸರಿ. ನಾಲ್ಕನೆಯವರಿಗೂ ಹಾಗೇ ಇತ್ತು, ಐದನೆಯವರಿಗೂ. ಆರನೆಯವರ ಹೊತ್ತಿಗೆ ಬೆರಳು ಏಳಲಿಲ್ಲ. ಕೆಮ್ಮಾ, ಕೊನೆಗೊಂದು ಸೊನ್ನೆ. ಇಪ್ಪತ್ತೆರಡು ವರ್ಷದ ಅನುಭವ ಅಂದರೆ ಒಮ್ಮೊಮ್ಮೆ ಇದೇ.

ಆ ಬೆಳಗ್ಗೆ ಯಾಕೆ ಬೆರಳಿಟ್ಟಳೋ ಅವಳಿಗೂ ಗೊತ್ತಿಲ್ಲ. ಕನ್ನಡಕ ಒರೆಸಿ ಹಾಕಿಕೊಂಡಿದ್ದಳು, ಅಷ್ಟೇ. ಬೆರಳು ಮೊದಲ ಕಾಲಮ್ಮಿನ ಮೇಲೆ ನಿಂತಿತು.

ಕೆಮ್ಮು.

ಅವಳು ಎದ್ದು ಮೇಲಿನ ಮಹಡಿಗೆ ಹೋದಳು. "ಈಯಮ್ಮ ಯಾವಾಗ ಕೆಮ್ಮಿದ್ದು?"

"ಒಳಗೆ ತಳ್ಳಿದ ಕೂಡ್ಲೇ ಅಕ್ಕಾ," ಎಂದ ಸ್ಕ್ಯಾನರ್ ನಡೆಸುವವನು. "ಕೈ ಅಂತ ಹೇಳೋಕೆ ಮುಂಚೇನೇ ಶುರು ಹಚ್ಕೊಂಡ್ರು. ಯಾಕೆ?"

"ಪ್ರೋಗ್ರಾಂ ಕಾಲಂನ ಯಾವ ಲೆಕ್ಕದಲ್ಲಿ ಜೋಡಿಸುತ್ತೆ?"

"ಯಾವ್ದು ಮೊದಲು ಆಯ್ತೋ ಅದು ಮೊದಲು. ನೀವೇ ನಂಗೆ ಹೇಳ್ಕೊಟ್ಟಿದ್ದು."

ಹೌದು, ಅವಳೇ ಹೇಳಿಕೊಟ್ಟದ್ದು. ನಡುವೆ ಕೆಮ್ಮಿದವರ ಕೆಮ್ಮು ಕೊನೆಗೆ ಹೋಗಿ ಕೂರುತ್ತದೆ. ಮೊದಲೇ ಕೆಮ್ಮಿದವರ ಕೆಮ್ಮು ಮೊದಲ ಕುರ್ಚಿ ಹಿಡಿಯುತ್ತದೆ, ಉಳಿದವರೆಲ್ಲ ಒಂದೊಂದು ಸ್ಥಾನ ಪಕ್ಕಕ್ಕೆ ಸರಿಯುತ್ತಾರೆ. ಅಂಕಿಗಳು ಮಾತ್ರ ಇದ್ದಲ್ಲೇ ಇರುತ್ತವೆ.

ಕೆಳಗೆ ಬಂದು ಹಳೆಯ ಹನ್ನೆರಡು ಮಂದಿಯ ಪಟ್ಟಿಗಳನ್ನೂ ತೆರೆದಳು. ಒಬ್ಬೊಬ್ಬರದನ್ನೇ ಬೆರಳಿಟ್ಟು ಜೋರಾಗಿ ಓದಿದಳು. ಹನ್ನೊಂದು ಸರಿ ಇದ್ದವು. ಹತ್ತೊಂಬತ್ತನೇ ನಂಬರಿನದು ಹೀಗಿತ್ತು. ಕೆಮ್ಮು, ಕೈ, ಸುಮ್ಮನೆ, ಮನೆ. ಕೆಳಗೆ ಅವಳು ಬರೆದ ಸಾಲು, ಒಂದು, ಮೈನಸ್ ಒಂದು, ಸೊನ್ನೆ, ಸೊನ್ನೆ.

ಕೆಮ್ಮಿನಿಂದ ಕೈಯನ್ನು ಕಳೆದಿದ್ದಳು. ಮನೆಯ ಉತ್ತರ ತೂಗಲು ಬೇರೆಯಾಗಿ ಬರೆದ ಸಾಲನ್ನೂ ನೋಡಿದಳು, ಸೊನ್ನೆ, ಮೈನಸ್ ಒಂದು, ಒಂದು, ಸೊನ್ನೆ. ಅದರಲ್ಲೂ ಮೈನಸ್ ಒಂದು ಹೋಗಿ ಕೂತದ್ದು ಕೈಯ ಮೇಲೇ. ಒಳಗಿದ್ದ ಮನುಷ್ಯ ಉತ್ತರ ಕೊಟ್ಟಿದ್ದರೆ ಆ ಉತ್ತರವನ್ನೇ ಎರಡು ಸಲ ಕಳೆದು ಬಿಸಾಡಿದ್ದಳು. ಹೆಚ್ಚಾದದ್ದನ್ನು ಮಾತ್ರ ತೋರಿಸು ಎಂದು ಪ್ರೋಗ್ರಾಮಿಗೆ ಹೇಳಿದ್ದರಿಂದ ಅದು ಏನನ್ನೂ ತೋರಿಸಿರಲಿಲ್ಲ. ಬೊಗಳಲೂ ಇಲ್ಲ.

ಆ ಸೊನ್ನೆ ಹಾಕಿದ ದಿನ ಅವಳಿಗೆ ಜ್ವರವಿತ್ತೇ, ಮನೆಯಲ್ಲಿ ಜಗಳವಾಗಿತ್ತೇ, ಹಿಂದಿನಿಂದ ಯಾರಾದರೂ ಅವಸರ ಮಾಡುತ್ತಿದ್ದರೇ ಎಂದು ಆಮೇಲೆ ಹಲವರು ಕೇಳಿದರು. ಏನೂ ಇರಲಿಲ್ಲ. ಅದೊಂದು ಸಾಧಾರಣ ಮಂಗಳವಾರ, ಚಹಾ ಬಿಸಿಯಾಗಿಯೇ ಇತ್ತು.

ಅಂಕಿಗಳನ್ನು ಅವರವರ ಜಾಗಕ್ಕೆ ಕೂರಿಸಿ ಮತ್ತೆ ಓಡಿಸಿದಳು. ಹನ್ನೊಂದು ನಿಮಿಷ ಹಿಡಿಯಿತು. ಕಿಟಕಿಯಾಚೆ ಯಾರದೋ ಹರಿದ ಬೂಟು, ಯಾರದೋ ಊರುಗೋಲು ಹಾದುಹೋದವು. ಪರದೆಯ ಮೇಲೆ ಮಿದುಳು ಮೂಡಿತು. ಅದರ ನೆತ್ತಿಯ ಹತ್ತಿರ, ಮುಷ್ಟಿ ಹಿಡಿಯಬೇಕು ಎಂದುಕೊಂಡಾಗ ಎಲ್ಲರಲ್ಲೂ ಬೆಳಗುವ ಜಾಗದಲ್ಲಿ, ಉಗುರಿನಷ್ಟು ದೊಡ್ಡ ಹಳದಿ ಚುಕ್ಕೆ. ಆರು ಸುತ್ತುಗಳನ್ನೂ ಬಿಡಿಬಿಡಿಯಾಗಿ ನೋಡಿದಳು. ಆರರಲ್ಲೂ ಏರಿತ್ತು.

ಮೇಲಿನ ಮಹಡಿಯ ಡಾಕ್ಟರನ್ನು ಕರೆದು ತೋರಿಸಿದಳು. ಅವಳಿಗಿಂತ ಹತ್ತು ವರ್ಷ ಚಿಕ್ಕವರು. ಎಷ್ಟೋ ಕೆಂಪು ಸಾಲುಗಳನ್ನು ಅವಳ ಕೈಯಲ್ಲಿ ಬಿಡಿಸಿಕೊಂಡವರು.

"ಈಗ ಎಲ್ಲಿದ್ದಾರೆ ಅವ್ರು?"

"ಆರೈಕೆ ಮನೇಲಿ. ಫೋನ್ ಮಾಡಿ ಕೇಳ್ದೆ. ನಡುವೆ ಎರಡು ಸಲ ಎದೆ ಕಫ ಕಟ್ಟಿ ಜ್ವರ ಬಂದಿತ್ತಂತೆ. ಹೆಂಡತಿ ಮೊದಮೊದಲು ವಾರಕ್ಕೊಂದು ಸಲ ಬರ್ತಿದ್ರಂತೆ. ಈಗ ತಿಂಗಳಿಗೆ ಒಂದು ಸಲ. ಬಂದ್ರೂ ಮಾತಾಡಲ್ವಂತೆ."

"ಮತ್ತೆ ಕರ್ಸಿ ಸ್ಕ್ಯಾನ್ ಮಾಡೋಣ ಅಕ್ಕಾ. ಮಾಮೂಲಿ ತಪಾಸಣೆ ಅಂತ ಹೇಳಿ ಸಹಿ ತಗೊಳ್ಳೋಣ. ಚುಕ್ಕೆ ಬಂದ್ರೆ ಆಗ ಹೇಳೋಣ. ಬರ್ಲಿಲ್ಲ ಅಂದ್ರೆ..."

"ಬರ್ಲಿಲ್ಲ ಅಂದ್ರೆ?"

"ಕೊಟ್ಟು ಕಿತ್ಕೊಂಡ ಹಾಗಾಗುತ್ತಲ್ಲ? ಆ ಹೆಂಗಸು ಹೇಗೋ ಮನಸ್ಸು ಕಲ್ಲು ಮಾಡ್ಕೊಂಡಿದ್ದಾರೆ. ಗಾಯಕ್ಕೆ ಉಪ್ಪು ಯಾಕೆ?"

ಮಾತಿನಲ್ಲಿ ಕರುಣೆ ಇತ್ತು, ಅದಕ್ಕೇ ಅವಳು ತಕ್ಷಣ ಇಲ್ಲ ಎನ್ನಲಿಲ್ಲ. ಹೂಂ ಎಂದೂ ಅನ್ನಲಿಲ್ಲ. ನಾಳೆ ಹೇಳುತ್ತೇನೆಂದು ಮನೆಗೆ ಹೋದಳು.

ಮನೆ ಎಂದರೆ ಮೂರನೇ ಮಹಡಿಯಲ್ಲಿ ಎರಡು ಕೋಣೆ, ನಡುವೆ ಅಡುಗೆಗೆ ಒಂದು ಕಲ್ಲುಕಟ್ಟೆ. ಗಂಡ ತೀರಿಹೋಗಿ ಒಂಬತ್ತು ವರ್ಷ. ಉಳಿದದ್ದು ಅವನ ತಾಯಿ. ಅತ್ತೆಗೆ ಎಂಬತ್ತೊಂದು ದಾಟಿತ್ತು. ಮುದುಕಿಗೆ ಕಿವಿ ಕೇಳಿಸುವುದಿಲ್ಲ ಎಂದು ಕಟ್ಟಡದವರೆಲ್ಲ ತೀರ್ಮಾನ ಮಾಡಿಬಿಟ್ಟಿದ್ದರು. ನಿಜಕ್ಕೂ ಹೋಗಿದ್ದು ಎಡಗಿವಿ ಮಾತ್ರ. ಬಲಗಿವಿ ಪಕ್ಕದ ಮನೆಯ ಗುಟ್ಟಿನವರೆಗೂ ಹೋಗಿ ಬರುತ್ತಿತ್ತು. ಐವತ್ತಮೂರರ ಸೊಸೆಯನ್ನು ಅತ್ತೆ ಇನ್ನೂ ಹುಡುಗಿ ಎಂದೇ ಕರೆಯುತ್ತಿದ್ದಳು.

"ಏ ಹುಡುಗಿ, ಸೌಟು ಹಿಡ್ಕೊಂಡು ಗೋಡೆ ನೋಡ್ತಿದ್ದೀಯಲ್ಲ, ಗೋಡೆಗೆ ಬಡಿಸ್ತೀಯಾ?"

ಸೊನ್ನೆಯಕ್ಕ ಒಲೆ ಆರಿಸಿ, ಎದುರು ಕುಳಿತು, ಎಲ್ಲವನ್ನೂ ಹೇಳಿದಳು. ಕಾಲಂ, ತಕ್ಕಡಿ ಎಲ್ಲ ಅತ್ತೆಗೆ ಹತ್ತಲಿಲ್ಲ. ಹತ್ತಬೇಕಾದದ್ದು ಹತ್ತಿತು.

"ಅಂದ್ರೆ ಆ ಮನುಷ್ಯ ಕೇಳಿಸ್ಕೊಳ್ತಾ ಮಲಗಿದ್ದ. ಇವ್ರೆಲ್ಲ ಕಿವುಡ ಅಂದ್ಕೊಂಡು ತಲೆ ಮೇಲೆ ಮಾತಾಡಿದ್ರು."

"ಹೌದು ಅತ್ತೆ."

ಅತ್ತೆ ಸೆರಗನ್ನು ಬಲಗಿವಿಯ ಹಿಂದಕ್ಕೆ ಸಿಕ್ಕಿಸಿದಳು. "ನಿನ್ನ ಗಂಡ ತೀರ್ಕೊಂಡ ವಾರ, ನಿನ್ನ ಅಕ್ಕ ಬಂದಿದ್ಲಲ್ಲ. ಇದೇ ಕೋಣೇಲಿ, ನನ್ನ ಎದುರೇ ಕೂತ್ಕೊಂಡು, 'ಈ ಮುದುಕೀನ ಎಲ್ಲಾದ್ರೂ ಸೇರಿಸಿ ನಮ್ಮ ಮನೆಗೆ ಬಂದ್ಬಿಡು' ಅಂದ್ಲು."

ಸೊನ್ನೆಯಕ್ಕ ಸೌಟು ಕೆಳಗಿಟ್ಟಳು. "ಕೇಳಿಸ್ಕೊಂಡಿದ್ರಾ?"

"ನೀನು ಏನು ಹೇಳ್ತೀಯೋ ಅಂತ ಉಸಿರು ಬಿಗಿ ಹಿಡಿದು ಕೂತಿದ್ದೆ. ನೀನು ಏನೂ ಹೇಳ್ಲಿಲ್ಲ. ಎದ್ದು ಹೋಗಿ ಪಾತ್ರೆ ತೊಳೆದೆ. ಒಂಬತ್ತು ವರ್ಷದಿಂದ ದಿನಾ ಬೆಳಗ್ಗೆ ನೋಡ್ತೀನಿ, ಇವತ್ತು ಹೇಳ್ತಾಳೇನೋ, ಇವತ್ತು ಹೇಳ್ತಾಳೇನೋ ಅಂತ." ಅತ್ತೆ ತಟ್ಟೆ ಮುಂದಕ್ಕೆ ತಳ್ಳಿದಳು. "ಹೋಗಿ ಹೇಳು. ಹೇಳದೆ ಇರೋದು ಸಣ್ಣ ಮಾತಲ್ಲ. ಈಗ ಬಡ್ಸು, ಆರಿಹೋಗುತ್ತೆ."

ಮರುದಿನ ಅವಳು ತಿದ್ದುಪಡಿಯ ಪತ್ರ ಬರೆದು ಕೆಳಗೆ ತನ್ನ ಪೂರ್ತಿ ಹೆಸರು ಹಾಕಿದಳು. ಡಾಕ್ಟರು ಓದಿದರು, ಪೆನ್ನು ತೆಗೆದರು. "ಮೊದಲ್ನೇ ವರದಿಗೆ ಸಹಿ ಹಾಕಿದ್ದು ನಾನು. ಇದಕ್ಕೂ ನಾನು ಹಾಕ್ಬೇಕು." ಆಮೇಲೆ ತಲೆ ಎತ್ತದೆ, "ಜೊತೆಗೆ ಬರ್ಲಾ?" ಎಂದರು. ಬೇಡ ಎಂದಳು.

ಅಂಗಡಿಯಲ್ಲಿ ಯಂತ್ರ ಕಿರುಗುಟ್ಟುತ್ತಿತ್ತು. ಬೀಗದಣ್ಣನ ಹೆಂಡತಿ ಕತ್ತು ಬಗ್ಗಿಸಿ ಹಿತ್ತಾಳೆಯ ಪುಡಿ ಊದುತ್ತಿದ್ದಳು.

"ಯಾವ ಬೀಗದ್ದು? ಹಳೇ ಕೀ ಕೊಡಿ."

"ಕೀ ಮಾಡ್ಸೋಕೆ ಬಂದಿಲ್ಲಮ್ಮ. ಆಸ್ಪತ್ರೆಯಿಂದ ಬಂದಿದ್ದೀನಿ."

ಯಂತ್ರ ನಿಂತಿತು. "ಹೋಗ್ಬಿಟ್ರಾ?"

"ಇಲ್ಲ, ಇಲ್ಲ. ಇದ್ದಾರೆ."

ಹೆಂಡತಿ ಉಸಿರು ಬಿಟ್ಟಳು. ಆ ಉಸಿರಿನಲ್ಲಿ ನೆಮ್ಮದಿ ಎಷ್ಟಿತ್ತು, ದಣಿವು ಎಷ್ಟಿತ್ತು ಎಂದು ಯಾವ ತಕ್ಕಡಿಯೂ ಹೇಳಲಾರದು. ಒಂದು ಸ್ಟೂಲು ತೋರಿಸಿದಳು. ಸೊನ್ನೆಯಕ್ಕ ಕೂರದೆ ನಿಂತೇ ಹೇಳಿದಳು. ತಪ್ಪು ಯಂತ್ರದ್ದಲ್ಲ, ಡಾಕ್ಟರದ್ದಲ್ಲ, ತನ್ನದು ಎಂದಳು. ಸ್ಕ್ಯಾನಿನ ದಿನ ನಿಮ್ಮ ಯಜಮಾನರು ಮಾತು ಕೇಳಿಸಿಕೊಂಡಿದ್ದರು, ಹೇಳಿದ್ದನ್ನು ಮಾಡಿದ್ದರು ಎಂದಳು.

"ಎಷ್ಟು ಸಲ?"

"ಕೈ ಅಂತ ಆರು ಸಲ ಹೇಳಿದ್ರು. ಆರು ಸಲಾನೂ ಮಾಡಿದ್ರು."

"ಈಗ ಕೇಳ್ಸುತ್ತಾ?"

"ಗೊತ್ತಿಲ್ಲ. ಮತ್ತೆ ನೋಡ್ಬೇಕು. ಅದಕ್ಕೆ ನಿಮ್ಮ ಸಹಿ ಬೇಕು."

ಹೆಂಡತಿ ಕೈಯಲ್ಲಿದ್ದ ಅರ್ಧ ಕೊರೆದ ಕೀಯನ್ನು ಹೆಬ್ಬೆರಳಿನಿಂದ ಉಜ್ಜುತ್ತ ಕುಳಿತಳು. ಮಾತಾಡಿದಾಗ ದನಿ ಸಾಧಾರಣವಾಗಿಯೇ ಇತ್ತು.

"ವರದಿ ಬಂದ ದಿನ ನಾನು ಮಂಚದ ಈ ಕಡೆ, ನಾದಿನಿ ಆ ಕಡೆ. ನಡುವೆ ಅವ್ರು. 'ಒಳಗೆ ಯಾರೂ ಇಲ್ವಂತೆ ಕಣೆ' ಅಂದೆ. 'ಇದಕ್ಕಿಂತ ಏಣಿಯಿಂದ ಬಿದ್ದ ದಿನಾನೇ ಹೋಗಿದ್ರೆ ಚೆನ್ನಾಗಿತ್ತು' ಅಂದೆ. ಅವ್ರ ಎದೆ ಮೇಲೆ ಕೈ ಇಟ್ಕೊಂಡೇ ಅಂದೆ, ಅಕ್ಕಾ. ಆಮೇಲೆ ಎಂಟು ತಿಂಗ್ಳು ಬಾಯಿ ಬಿಡ್ಲಿಲ್ಲ. ಗೋಡೆ ಜೊತೆ ಎಷ್ಟೂಂತ ಮಾತಾಡೋದು ಅಂತ."

ಸೊನ್ನೆಯಕ್ಕ ಸಹಿಯ ಕಾಗದವನ್ನು ಚೀಲದಿಂದ ತೆಗೆದು ಮುಂದಿಟ್ಟಳು.

"ನನ್ನ ಗಂಡ ಒಂದು ಕೀನೂ ಹಾಕಿ ನೋಡದೆ ಕೊಟ್ಟವ್ರಲ್ಲ. ಇಪ್ಪತ್ತಾರು ವರ್ಷದ ಪುಸ್ತಕ ಇದೆ ಇಲ್ಲಿ, ಬೇಕಾದ್ರೆ ನೋಡಿ, ಗೆರೆ ಇಲ್ಲದ ಸಾಲು ತೋರ್ಸಿ. ನೀವು ನೋಡದೆ ಕೊಟ್ರಿ."

"ಹೌದಮ್ಮ. ನೋಡದೆ ಕೊಟ್ಟೆ."

ಸಹಿ ಹಾಕಿದಳು. ಕಾಗದದ ಮೇಲೆ ಹಿತ್ತಾಳೆಯ ಪುಡಿ ಉದುರಿತು.

ಒಂಬತ್ತು ದಿನದ ಮೇಲೆ ಬೀಗದಣ್ಣನನ್ನು ತಂದರು. ಸೊನ್ನೆಯಕ್ಕ ಅವನನ್ನು ಮೊದಲ ಸಲ ನೋಡಿದ್ದು ಆಗ. ದೊಡ್ಡ ಕೈಗಳು, ಬೆರಳ ತುದಿಯಲ್ಲಿ ಇನ್ನೂ ಹೋಗದ ಲೋಹದ ಕಪ್ಪು. ಈ ಸಲ ಅವನು ಕೆಮ್ಮಲಿಲ್ಲ. ಕಾಲಂ ಮೂರು, ಅಂಕಿ ಮೂರು, ಕೆಂಪು ಸಾಲು ಬರುವ ಪ್ರಶ್ನೆಯೇ ಇಲ್ಲ. ಆದರೂ ಅವಳು, ಡಾಕ್ಟರು, ಸ್ಕ್ಯಾನರಿನವನು ಮೂವರೂ ಬೆರಳಿಟ್ಟು ಹೆಸರು ಓದಿದರು. ತಕ್ಕಡಿ ಸಾಲು ಸರಿ ಇತ್ತು. ಚಿತ್ರವೂ ಸ್ವಚ್ಛವಾಗಿತ್ತು.

ಚುಕ್ಕೆ ಬರಲಿಲ್ಲ.

ಒಂದು ದಿನ ಬಿಟ್ಟು ಮತ್ತೆ ಮಾಡಿದರು. ಬರಲಿಲ್ಲ. ನಿದ್ದೆಯಲ್ಲಿದ್ದನೋ, ಎರಡು ಜ್ವರಗಳಲ್ಲಿ ಯಾವುದಾದರೊಂದು ಒಳಗಿನ ದೀಪ ಆರಿಸಿತೋ, ಅಥವಾ ಯಾರೂ ಕೇಳದ ಉತ್ತರವನ್ನು ಎಷ್ಟು ದಿನ ಕೊಡುವುದೆಂದು ಸುಮ್ಮನಾಗಿಬಿಟ್ಟನೋ, ಅದನ್ನು ಹೇಳುವ ಪಟ್ಟಿ ಇನ್ನೂ ಹುಟ್ಟಿಲ್ಲ. ಡಾಕ್ಟರು ಹೆಂಡತಿಗೆ, "ಇಲ್ಲ ಅಂತ ಹೇಳ್ತಿಲ್ಲ ಅಮ್ಮ, ಕಾಣ್ಲಿಲ್ಲ ಅಂತ ಹೇಳ್ತಿದ್ದೀನಿ" ಎಂದರು. ಅವಳು ತಲೆಯಾಡಿಸಿದಳು. ಮೊದಲ ಸಲದ ಚಿತ್ರ, ತಿದ್ದಿದ್ದು, ಹಳದಿ ಚುಕ್ಕೆಯಿರುವುದು ಬೇಕು ಎಂದಳು. ಕೊಟ್ಟರು.

ಅದೇ ವಾರ ಸೊನ್ನೆಯಕ್ಕ ಆ ಕೋಣೆಯ ಪದ್ಧತಿಯನ್ನೇ ಬದಲಾಯಿಸಿದಳು. ಇನ್ನು ಮುಂದೆ ತಕ್ಕಡಿ ಸಾಲಿನಲ್ಲಿ ಬರಿಯ ಅಂಕಿ ಬರೆಯುವ ಹಾಗಿಲ್ಲ. ಯಾವುದರಿಂದ ಯಾವುದನ್ನು ಕಳೆಯಬೇಕೋ ಅದರ ಹೆಸರನ್ನೇ ಬರೆಯಬೇಕು, ಕಾಲಂ ಎಲ್ಲಿ ಕೂತಿದ್ದರೂ ಪ್ರೋಗ್ರಾಂ ಹೆಸರು ಹಿಡಿದು ಹುಡುಕಬೇಕು. ಎರಡು ದಿನದ ಕೆಲಸ. "ಇಷ್ಟೇನಾ!" ಎಂದು ಮೇಲಿನವರು ಮೆಚ್ಚಿದರು. ಇಷ್ಟನ್ನೇ ಮೊದಲು ಮಾಡಿರಲಿಲ್ಲವಲ್ಲ ಎನ್ನುವುದೇ ಅವಳನ್ನು ಚುಚ್ಚಿತು.

ಆ ಬುಧವಾರ ಕೆಲಸ ಮುಗಿಸಿ, ಬೀಗದಣ್ಣನನ್ನು ಮತ್ತೆ ಕಳಿಸಿದ್ದ ಆರೈಕೆ ಮನೆಗೆ ಹೋದಳು. ಉದ್ದ ಕೋಣೆ, ಹದಿನಾಲ್ಕು ಮಂಚ, ನೆಲ ಒರೆಸುವ ಔಷಧದ ವಾಸನೆ. ಏಳನೇ ಮಂಚದ ಪಕ್ಕ ಹೆಂಡತಿ ಕುಳಿತಿದ್ದಳು. ತೊಡೆಯ ಮೇಲೆ ಪುಸ್ತಕ. ತಲೆದೆಸೆಯ ಗೋಡೆಗೆ ಆ ಚಿತ್ರ ಅಂಟಿಸಿತ್ತು.

"ಬಂದಿದ್ದೀರಲ್ಲ, ಆ ಕಡೆ ಕೂತ್ಕೊಳ್ಳಿ. ನಡುವೆ ಬಾಯಿ ಹಾಕ್ಬೇಡಿ."

ಅವಳು ಓದುತ್ತಿದ್ದದ್ದು ಆ ದಿನದ ಪುಟವಲ್ಲ. ವರದಿ ಬಂದ ಮರುದಿನದಿಂದ ಶುರು ಮಾಡಿದ್ದಳು. ಹೇಳದೆ ಬಿಟ್ಟ ಎಂಟು ತಿಂಗಳನ್ನು ಒಂದು ದಿನವನ್ನೂ ಹಾರಿಸದೆ ಹೇಳಿ ಮುಗಿಸಬೇಕೆಂದು ಹಟ ಹಿಡಿದಿದ್ದಳು. ದಿನಾ ನಾಲ್ಕಕ್ಕೆ ಬಂದು ಮೂರು ನಾಲ್ಕು ದಿನದ ಸುದ್ದಿ. ಹಿಟ್ಟಿನ ಗಿರಣಿಯ ಕಬ್ಬಿಣದ ಪೆಟ್ಟಿಗೆ, ಒಂದು ಕೀ, ಹಾಕಿ ನೋಡಿದೆ. ಮೇಷ್ಟ್ರು ಮತ್ತೆ. ನೀಲಿ ಗೇಟಿಗೆ ಹಸಿರು ಬಣ್ಣ ಹೊಡೆಸಿದ್ರು, ಇನ್ನು ಅವ್ರನ್ನ ಪುಸ್ತಕದಲ್ಲಿ ಏನಂತ ಬರೀಲಿ, ನೀವೇ ಹೇಳಿ. ಅಲ್ಲಿ ನಿಲ್ಲಿಸಿ, ಉತ್ತರ ಬರುವಷ್ಟು ಹೊತ್ತು ಕಾಯುತ್ತಿದ್ದಳು. ಆಮೇಲೆ ಮುಂದಕ್ಕೆ.

ಸೊನ್ನೆಯಕ್ಕ ಬುಧವಾರ ಬುಧವಾರ ಹೋದಳು. ಬಾಯಿ ಹಾಕಲಿಲ್ಲ. ಒಂದು ಸಲ ಮಾತ್ರ, ಹೆಂಡತಿ ಕೆಮ್ಮು ಬಂದು ನಿಲ್ಲಿಸಿದಾಗ, ನೀರು ಕೊಟ್ಟಳು.

ಏಳನೇ ವಾರ ಬೀಗದಣ್ಣನಿಗೆ ಮೂರನೇ ಸಲ ಎದೆಯಲ್ಲಿ ಕಫ ಕಟ್ಟಿತು. ಎರಡು ದಿನದಲ್ಲಿ ಅವನು ಹೋಗಿಬಿಟ್ಟ. ಓದು ಆ ಎಂಟರಲ್ಲಿ ಐದನೇ ತಿಂಗಳ ಹದಿನಾರನೇ ತಾರೀಖಿಗೆ ಬಂದಿತ್ತು.

ಮುಂದಿನ ಬುಧವಾರ ಸೊನ್ನೆಯಕ್ಕನ ಕಾಲು ಅಭ್ಯಾಸಬಲದಿಂದ ಬಸ್ ನಿಲ್ದಾಣದವರೆಗೆ ಹೋಗಿ ನಿಂತುಬಿಟ್ಟಿತು. ಎಲ್ಲಿಗೆ ಹೋಗಬೇಕೆಂದು ತಿಳಿಯಲಿಲ್ಲ. ಮನೆಗೆ ಹೋದರೆ ಅತ್ತೆ ಮುಖ ನೋಡಿ ಕೇಳುತ್ತಾಳೆ. ನಡೆಯುತ್ತ ನಡೆಯುತ್ತ ತಗಡಿನ ಅಂಗಡಿಯ ಮುಂದೆ ಬಂದಿದ್ದಳು. ಯಂತ್ರ ಸುಮ್ಮನಿತ್ತು. ಹೆಂಡತಿ ಅವಳನ್ನು ನೋಡಿದಳು. ಕಾಲಿನಿಂದ ಸ್ಟೂಲನ್ನು ಮುಂದಕ್ಕೆ ತಳ್ಳಿದಳು.

"ಇನ್ನೂ ಮೂರೂವರೆ ತಿಂಗ್ಳು ಉಳ್ಕೊಂಡಿದೆ," ಎಂದಳು. "ಅವ್ರಿಗೆ ಹೇಳ್ಬೇಕಾಗಿದ್ದು. ಯಾರಿಗೆ ಹೇಳ್ಲಿ ಈಗ? ನೀವು ಕೇಳಿ."

ಸೊನ್ನೆಯಕ್ಕ ಕುಳಿತಳು. ಹೆಂಡತಿ ಪುಸ್ತಕ ಬಿಚ್ಚಿ, ಹದಿನೇಳನೇ ತಾರೀಖಿನ ಮೇಲೆ ಬೆರಳಿಟ್ಟಳು.

"ಔಷಧದ ಅಂಗಡಿ. ಹಿಂಬಾಗಿಲು. ಎರಡು ಕೀ. ಒಂದು ಹಾಕಿ ನೋಡಿದೆ, ಸರಿಯಾಯ್ತು. ಇನ್ನೊಂದು ಹಾಕಿ ನೋಡಿದೆ, ತಿರುಗ್ಲಿಲ್ಲ."